ಅನಾಥರ ಗುರು ಪೆಸ್ಟಲಾಜಿ

ಸಂಜೆ ಕಚೇರಿಯಿಂದ ಮನೆಗೆ ಬಂದ ಗೃಹಸ್ಥನು ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಮಗ್ಗಿಯನ್ನು ಒಪ್ಪಿಸಿಕೊಳ್ಳುವುದುಂಟು. ಹುಡುಗನು ಹದಿನಾರರ ಮಗ್ಗಿಯನ್ನು ತಡೆಯಿಲ್ಲದೆ ಹೇಳಿಬಿಟ್ಟರೆ ತಂದೆಗೆ ಪರಮ ಸಂತೋಷವು. ಆದರೆ ಅದೇ ಹುಡುಗನನ್ನು ಅಂಗಡಿಗೆ ಕಳಿಸಿ, ತಂದ ನಾಲ್ಕು ಸಾಮಾನುಗಳ ಬೆಲೆಯನ್ನೂ ಉಳಿದ ಚಿಲ್ಲರೆಯನ್ನೂ ಲೆಕ್ಕ ಹೇಳೆಂದರೆ ಬಾಯಿ ಕಟ್ಟುತ್ತದೆ. ಕಲಿತದ್ದು ನಾಲಗೆಯಲ್ಲಿಯೇ ಉಳಿದು ಕೈಗೇಕೆ ಇಳಿಯಲಿಲ್ಲ? ಈ ಒಂದು ಪ್ರಶ್ನೆಗಾಗಿ ತನ್ನ ಆಸ್ತಿಯನ್ನೂ ಆರೋಗ್ಯವನ್ನೂ ಸಂಸಾರಸುಖವನ್ನೂ ತೆತ್ತವನು ಸ್ವಿಟ್ಜರ್ಲೆಂಡಿನ ಯೋಹಾನ್ ಹೈನ್ರಿಖ್ ಪೆಸ್ಟಲಾಜಿ. ಶಿಕ್ಷಕರ ತರಬೇತಿಯಲ್ಲಿ ಪರೀಕ್ಷೆಗಾಗಿ ಆತನ ಹೆಸರನ್ನು ಬಾಯಿಪಾಠ ಮಾಡಿದವರು ಬಹುಜನರಿದ್ದಾರೆ. ಆತನ ಜೀವಿತವನ್ನು ಬಲ್ಲವರು ಸ್ವಲ್ಪವೇ ಎಂದು ತೋರುತ್ತದೆ.

ಪೆಸ್ಟಲಾಜಿಯು 1746ನೆಯ ಇಸವಿ ಜನವರಿ 12ರಂದು ಜ್ಯೂರಿಕ್ ನಗರದಲ್ಲಿ ಜನಿಸಿದನು. ಶಸ್ತ್ರವೈದ್ಯನಾಗಿದ್ದ ತಂದೆಯು ಮಗನು ಐದು ವರ್ಷದವನಿರುವಾಗಲೇ ತೀರಿಕೊಂಡನು. ತಾಯಿಯೂ, ಬಾಬೆಲಿ ಎಂಬ ಮನೆಯ ಸೇವಕಿಯೂ ಕೂಡಿ ಬಡತನದಲ್ಲಿ ಮಕ್ಕಳನ್ನು ಸಲಹಿದರು. ಪಾದ್ರಿಯಾಗಿದ್ದ ಅಜ್ಜನೊಡನೆ ಹಳ್ಳಿಯ ಬಡವರ ಮನೆಗಳಿಗೆ ಹೋಗಿಬರುತ್ತಿದ್ದುದೂ ಆ ಬಾಲಕನ ಮನಸ್ಸಿನಲ್ಲಿ ಆಳವಾಗಿ ನಾಟಿತು. ಮನೆಯೇ ಮೊದಲ ಪಾಠಶಾಲೆ, ತಾಯಿಯೇ ಮೊದಲ ಗುರು ಎಂದು ಆತನು ಮುಂದೆ ಜೀವಮಾನವಿಡೀ ಸಾರಿದ್ದು ಈ ಅನುಭವದಿಂದಲೇ.

1769ರಲ್ಲಿ ಆನ್ನಾ ಶುಲ್ಟೆಸ್ ಎಂಬವಳನ್ನು ಲಗ್ನವಾಗಿ, ಬಿರ್ ಗ್ರಾಮದ ಬಳಿ ನಾಯ್‌ಹೋಫ್ ಎಂಬಲ್ಲಿ ಒಕ್ಕಲುತನಕ್ಕೆ ನಿಂತನು. ಬೇಸಾಯವು ಕೈಹತ್ತಲಿಲ್ಲ, ಸಾಲವು ಏರಿತು. ಆಗ ವ್ಯವಹಾರಜ್ಞನಾದವನು ಮಾಡದ ಕೆಲಸವನ್ನು ಆತನು ಮಾಡಿದನು: 1774ರಲ್ಲಿ ಅದೇ ಮನೆಗೆ ದಿಕ್ಕಿಲ್ಲದ ಮಕ್ಕಳನ್ನು ಕರೆತಂದನು. ಮಕ್ಕಳು ಹತ್ತಿಯನ್ನು ನೂಲುತ್ತ, ನೇಯುತ್ತ, ಹೊಲದಲ್ಲಿ ದುಡಿಯುತ್ತ ಅದರೊಡನೆಯೇ ಓದುಬರಹಗಳನ್ನು ಕಲಿಯಬೇಕು. ಅವರ ದುಡಿಮೆಯಿಂದಲೇ ಶಾಲೆಯು ನಡೆಯಬೇಕು ಎಂಬುದು ಆತನ ಎಣಿಕೆ. 1937ರಲ್ಲಿ ವಾರ್ಧಾದಲ್ಲಿ ಮಹಾತ್ಮರು ಮುಂದಿಟ್ಟ ಮೂಲಶಿಕ್ಷಣದ ವಿಚಾರವನ್ನು ಬಲ್ಲ ವಾಚಕರಿಗೆ ಇದು ಅಪರಿಚಿತವೆನಿಸಲಾರದು. ಆದರೆ ಹೊಸ ಬಟ್ಟೆ ದೊರೆತೊಡನೆ ಎಷ್ಟೋ ತಾಯಿತಂದೆಗಳು ಮಕ್ಕಳನ್ನು ಕರೆದುಕೊಂಡು ಹೊರಟುಹೋದರು. ಹೆಂಡತಿಯ ಸ್ವತ್ತೂ ಕರಗಿತು. 1780ರಲ್ಲಿ ಶಾಲೆಯು ಮುಚ್ಚಿತು.

ಇದೇ ಕಾಲದ ಇನ್ನೊಂದು ಸಂಗತಿಯನ್ನು ಆತನ ಸ್ತುತಿಪಾಠಕರು ಬೇಗನೆ ದಾಟಿಬಿಡುತ್ತಾರೆ. ಪೆಸ್ಟಲಾಜಿಯು ರೂಸೋನ ಭಕ್ತನು. ತನ್ನ ಒಬ್ಬನೇ ಮಗನಿಗೆ ಆತನ ಹೆಸರನ್ನೇ ಇಟ್ಟು, ಆತನ ಗ್ರಂಥದಂತೆಯೇ ಬೆಳೆಸಹೊರಟನು. 1774ರಲ್ಲಿ ಬರೆದಿಟ್ಟ ದಿನಚರಿಯಲ್ಲಿ ಮೂರೂವರೆ ವರ್ಷದ ಆ ಕೂಸಿನ ಶಿಕ್ಷಣದ ವಿವರಗಳಿವೆ. ಒಂದು ಕಡೆಗೆ ಪ್ರಕೃತಿಗೆ ಬಿಟ್ಟುಬಿಡಬೇಕೆಂಬ ತತ್ತ್ವ; ಇನ್ನೊಂದು ಕಡೆಗೆ ಬೇಗ ಕಲಿಯಲೆಂಬ ತಂದೆಯ ಆತುರ. ಮಗುವಿನ ಮೇಲೆ ಅತಿಯಾದ ಭಾರ ಬೀಳುತ್ತಿದೆಯೆಂದು ಎಚ್ಚರಿಸಿದವನು ಮನೆಯ ಆಳು! ಆ ಮಾತನ್ನು ಮರೆಮಾಚದೆ ಬರೆದಿಟ್ಟ ಪ್ರಾಮಾಣಿಕತೆಯನ್ನು ನಾವು ಮೆಚ್ಚುತ್ತೇವೆ. ಆದರೆ ಮಗುವಿಗೆ ಅದರಿಂದ ಲಾಭವಾಗಲಿಲ್ಲ. ಹನ್ನೊಂದು ವರ್ಷ ತುಂಬಿದರೂ ಹುಡುಗನಿಗೆ ಓದುಬರಹವು ಸರಿಯಾಗಿ ಬರಲಿಲ್ಲ. ಮುಂದೆ ಅಪಸ್ಮಾರಕ್ಕೆ ತುತ್ತಾಗಿ 1801ರಲ್ಲಿ ತಂದೆಗಿಂತ ಮೊದಲೇ ಮಡಿದನು. ಪುಸ್ತಕವನ್ನು ನೋಡಿ ಮಗುವನ್ನು ಬೆಳೆಸುವುದಕ್ಕಿಂತ ಮಗುವನ್ನು ನೋಡಿ ಬೆಳೆಸುವುದು ಬೇರೆಯೆಂಬುದನ್ನು ಆತನು ಕಲಿತದ್ದು ಇಷ್ಟು ದೊಡ್ಡ ಬೆಲೆಯನ್ನು ತೆತ್ತು.

1781ರಲ್ಲಿ ಹೊರಬಂದ ಗ್ರಾಮಜೀವನದ ಕಾದಂಬರಿಯಿಂದ ಹೆಸರು ಬಂದರೂ ಹೊಟ್ಟೆ ತುಂಬಲಿಲ್ಲ. ಆತನ ನಿಜವಾದ ಗುರುಕಾರ್ಯವು ಮೊದಲಾದದ್ದು 53ನೆಯ ವಯಸ್ಸಿನಲ್ಲಿ. 1798ರ ಸೆಪ್ಟೆಂಬರಿನಲ್ಲಿ ಫ್ರೆಂಚರ ಸೈನ್ಯವು ತಮ್ಮ ಹೊಸ ರಾಜ್ಯಪದ್ಧತಿಗೆ ತಲೆಬಾಗದ ನಿಡ್ವಾಲ್ಡನ್ ಪ್ರಾಂತವನ್ನು ಸುಟ್ಟು ನೂರಾರು ಜನರನ್ನು ಕೊಂದಿತು. ಅಲ್ಲಿಯ ಸ್ಟಾನ್ಸ್ ಎಂಬ ಊರಿನಲ್ಲಿ, ಇನ್ನೂ ಗಿಲಾವಿನ ಹಸಿ ಆರದ ಮಠದ ಕಟ್ಟಡದಲ್ಲಿ, 1799ರ ಜನವರಿಯಲ್ಲಿ ಆತನು ಅನಾಥ ಮಕ್ಕಳನ್ನು ಸೇರಿಸಿದನು. ಬರಬರುತ್ತ ಅವರ ಸಂಖ್ಯೆಯು ಸುಮಾರು 80 ಆಯಿತು. ಮೈಯೆಲ್ಲ ಕಜ್ಜಿ, ತಲೆತುಂಬ ಹೇನು, ಕಣ್ಣಿನಲ್ಲಿ ಭಯ. ಸಹಾಯಕ್ಕೆ ಅಡಿಗೆ ನೋಡಿಕೊಳ್ಳುವ ಒಬ್ಬ ಹೆಂಗಸಿನ ಹೊರತು ಯಾರೂ ಇಲ್ಲ. ಪುಸ್ತಕಗಳಂತೂ ಇಲ್ಲವೇ ಇಲ್ಲ. ಊರವರು ಕ್ಯಾಥೊಲಿಕರು, ಈತನು ಪ್ರಾಟೆಸ್ಟಂಟನೆಂದು ಅವರಿಗೆ ಸಂಶಯ. ಆತನು ಮಕ್ಕಳೊಡನೆಯೇ ಉಂಡು, ಅವರ ನಡುವೆಯೇ ಮಲಗಿ, ಅವರನ್ನು ತನ್ನ ಕೈಯಿಂದಲೇ ತೊಳೆದನು. ಒಬ್ಬನಿಂದ ಎಲ್ಲರಿಗೂ ಕಲಿಸುವುದಾಗದೆ, ಬಲ್ಲ ಮಗುವನ್ನು ಅರಿಯದ ಇಬ್ಬರ ನಡುವೆ ಕೂರಿಸಿ ಅದರಿಂದಲೇ ಕಲಿಸಿದನು.

ಆ ಏಪ್ರಿಲ್‌ನಲ್ಲಿ ನೆರೆಯ ಆಲ್ಟ್‌ಡೋರ್ಫ್ ಪಟ್ಟಣವು ಬೆಂಕಿಗೆ ಆಹುತಿಯಾಯಿತು. ಪೆಸ್ಟಲಾಜಿಯು ಮಕ್ಕಳನ್ನು ಸುತ್ತಲೂ ಕೂಡಿಸಿ, ಅಲ್ಲಿಯ ಇಪ್ಪತ್ತು ಅನಾಥರನ್ನು ಕರೆತರೋಣವೇ ಎಂದು ಕೇಳಿದನು. ಬಂದರೆ ಊಟವು ಕಡಿಮೆಯಾಗುವುದು, ಕೆಲಸವು ಹೆಚ್ಚುವುದು, ಬಟ್ಟೆಯನ್ನೂ ಹಂಚಿಕೊಳ್ಳಬೇಕಾದೀತು ಎಂಬುದನ್ನು ಮುಚ್ಚಿಡದೆ ಮತ್ತೆ ಮತ್ತೆ ತಿಳಿಸಿದನು. ಕೆಲ ತಿಂಗಳ ಹಿಂದೆ ರೊಟ್ಟಿಯ ತುಂಡಿಗಾಗಿ ಅಲೆದಿದ್ದ ಆ ಮಕ್ಕಳು ಕರೆತರಲೇಬೇಕೆಂದು ಹಟಹಿಡಿದವು. ಆತನ ಸಮಸ್ತ ಗ್ರಂಥಗಳಿಗಿಂತ ಈ ಒಂದು ಪಾಠವು ಮಿಗಿಲೆಂದು ನಮ್ಮ ಅಭಿಪ್ರಾಯ. ಜೂನ್ ತಿಂಗಳಿನಲ್ಲಿ ಫ್ರೆಂಚರಿಗೆ ಗಾಯಾಳುಗಳ ಆಸ್ಪತ್ರೆಗಾಗಿ ಕಟ್ಟಡವು ಬೇಕಾಯಿತು, ಶಾಲೆಯು ಚದರಿತು.

ಅಲ್ಲಿಂದ ಬುರ್ಗ್‌ಡೋರ್ಫ್ ಪಟ್ಟಣಕ್ಕೆ ಹೋದನು. ಅಲ್ಲಿ ಒಬ್ಬ ಚಮ್ಮಾರನು ನಡೆಸುತ್ತಿದ್ದ ಶಾಲೆಯಲ್ಲಿ ಪಾಠ ಹೇಳಲು ತೊಡಗಲು, ತಮ್ಮ ಮಕ್ಕಳ ಮೇಲೆ ಹೊಸ ಪ್ರಯೋಗವು ಬೇಡವೆಂದು ಪಾಲಕರು ಹೊರಹಾಕಿದರು. ಎದೆಗುಂದದೆ ಮತ್ತೊಂದು ಶಾಲೆಯನ್ನು ಹಿಡಿದು, ಮುಂದೆ ಕೋಟೆಯಲ್ಲಿ ಸ್ವಂತ ವಿದ್ಯಾಲಯವನ್ನೇ ತೆರೆದನು. ಒಮ್ಮೆ ಏಣಿಯ ಚಿತ್ರವನ್ನು ತೋರಿಸುತ್ತಿರಲು, ಅಂಗಳದಲ್ಲಿ ನಿಜವಾದ ಏಣಿಯೇ ಇರುವಾಗ ಚಿತ್ರವೇಕೆಂದು ಒಬ್ಬ ಹುಡುಗನು ಕೇಳಿದನೆಂದು ಹೇಳುತ್ತಾರೆ. ವಸ್ತುವು ಮೊದಲು, ಹೆಸರು ಆಮೇಲೆ. ಕಲ್ಲುಹರಳುಗಳನ್ನು ಎಣಿಸಿದ ಮೇಲೆ ಅಂಕಿ. ಇದು ಆತನ ಮಾರ್ಗದ ತಿರುಳು. ಆದರೆ ಎಲ್ಲರಿಗೂ ಸುಲಭವಾಗಲೆಂದು ಅದನ್ನೇ ಕೋಷ್ಟಕಗಳಲ್ಲಿ ಬಿಗಿದು ಮಕ್ಕಳಿಂದ ಸಾಲುಸಾಲಾಗಿ ಒದರಿಸತೊಡಗಿದಾಗ, ಹೊರಗೆ ದಬ್ಬಿದ ಮಗ್ಗಿಯು ಹಿತ್ತಿಲ ಬಾಗಿಲಿನಿಂದ ಒಳಬಂದಂತಾಯಿತು.

ಇವರ್ಡಾನ್ ಊರಿನಲ್ಲಿ ಸುಮಾರು ಇಪ್ಪತ್ತು ವರ್ಷ ನಡೆದ ವಿದ್ಯಾಲಯವು ಯುರೋಪದಲ್ಲೆಲ್ಲ ಖ್ಯಾತವಾಯಿತು. ನೆಪೋಲಿಯನ್ನನಿಂದ ಸೋತ ಪ್ರಷ್ಯವು, ರಾಷ್ಟ್ರದ ಪುನರುತ್ಥಾನಕ್ಕೆ ಇದೇ ದಾರಿಯೆಂದು ತತ್ತ್ವಜ್ಞ ಫಿಖ್ಟೆಯು ಸಾರಿದ ಮೇಲೆ, ತನ್ನ ತರುಣ ಶಿಕ್ಷಕರನ್ನು ಅಲ್ಲಿಗೆ ಕಳುಹಿಸಿತು. ಬಾಲೋದ್ಯಾನದ ಜನಕನಾದ ಫ್ರೋಬೆಲನು 1808ರಿಂದ 1810ರ ವರೆಗೆ ಅಲ್ಲಿದ್ದನು. 1816ರಲ್ಲಿ ಡಾ. ಆಂಡ್ರೂ ಬೆಲ್ ಬಂದುಹೋದನು. ಈತನು ಮದ್ರಾಸಿನ ಎಗ್ಮೋರಿನ ಅನಾಥಶಾಲೆಯಲ್ಲಿದ್ದಾಗ, ನಮ್ಮ ಜಗುಲಿಶಾಲೆಗಳ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು ಅದನ್ನು ಇಂಗ್ಲೆಂಡಿಗೆ ಒಯ್ದವನು. ಮಕ್ಕಳಿಂದ ಮಕ್ಕಳಿಗೆ ಕಲಿಸುವ ಉಪಾಯವು ಇಬ್ಬರದೂ ಆಗಿದ್ದರೂ ಪೆಸ್ಟಲಾಜಿಯ ಕ್ರಮವು ಬೆಲ್‌ನಿಗೆ ಹಿಡಿಸಲಿಲ್ಲ.

1815ರಲ್ಲಿ ಪತ್ನಿಯು ತೀರಿದಳು. ಸಹಾಧ್ಯಾಪಕರ ಜಗಳಗಳು ನ್ಯಾಯಾಲಯವನ್ನು ಮುಟ್ಟಿದವು. ಜನರನ್ನು ಆಳುವ ಕಲೆಯು ಆತನಿಗೆ ಎಂದೂ ಒಲಿಯಲಿಲ್ಲ. 1825ರಲ್ಲಿ ವಿದ್ಯಾಲಯವನ್ನು ಮುಚ್ಚಿ ನಾಯ್‌ಹೋಫ್‌ಗೆ ಮರಳಿದ ವೃದ್ಧನು ತನ್ನ ತಪ್ಪುಗಳನ್ನು ತಾನೇ ಎಣಿಸಿ ಬರೆದಿಟ್ಟನು. 1827ರ ಫೆಬ್ರವರಿ 17ರಂದು ಬ್ರುಗ್ ಪಟ್ಟಣದಲ್ಲಿ ಆತನ ಅವಸಾನವಾಯಿತು. ಬಿರ್ ಗ್ರಾಮದ ಶಾಲೆಯ ಪಕ್ಕದಲ್ಲಿ ಹೂಳಿದರು. 1846ರಲ್ಲಿ, ಜನ್ಮಶತಾಬ್ದಿಯ ಕಾಲಕ್ಕೆ, ಆರ್ಗಾವ್ ಪ್ರಾಂತದವರು ಅಲ್ಲಿಯ ಹೊಸ ಶಾಲಾಗೃಹದ ಗೋಡೆಯನ್ನೇ ಆತನ ಸ್ಮಾರಕವನ್ನಾಗಿ ಮಾಡಿದರು.