ನಾಣ್ಯಗಳನ್ನು ಓದಿದ ಥಿಯೊಡೋರ್ ಮೊಮ್ಸೆನ್

ಮಕ್ಕಳೇ, ನಿಮ್ಮಲ್ಲಿ ಲ್ಯಾಟಿನ್ ಕಲಿಯುವವರು ವಾರುಸ್ ಎಂಬ ಹೆಸರನ್ನು ಕೇಳಿರಬಹುದು. ಕ್ರಿ.ಶ. 9ರಲ್ಲಿ ಈ ರೋಮನ್ ಸೇನಾಪತಿ ಮೂರು ಲೀಜನ್‌ಗಳ ದೊಡ್ಡ ಸೈನ್ಯದೊಡನೆ ಉತ್ತರ ಜರ್ಮನಿಯ ಕಾಡುದಾರಿಯಲ್ಲಿ ಹೊರಟಿದ್ದ. ಅರ್ಮಿನಿಯಸ್ ಎಂಬ ನಾಯಕ ಹೊಂಚು ಹಾಕಿ ಆ ಸೈನ್ಯವನ್ನೇ ನಾಶ ಮಾಡಿದ. ಆದರೆ ಈ ಯುದ್ಧ ನಡೆದದ್ದು ಎಲ್ಲಿ? ಶತಮಾನಗಳ ಕಾಲ ಒಗಟಾಗಿದ್ದ ಈ ಪ್ರಶ್ನೆಗೆ ನೆಲ ಅಗೆಯದೆ, ಹಳೆಯ ನಾಣ್ಯಗಳಿಂದಲೇ ಉತ್ತರ ಹೇಳಿದವರು ಥಿಯೊಡೋರ್ ಮೊಮ್ಸೆನ್.

ಮೊಮ್ಸೆನ್ 1817ರ ನವೆಂಬರ್ 30ರಂದು ಶ್ಲೆಸ್ವಿಗ್ ಪ್ರಾಂತ್ಯದ ಗಾರ್ಡಿಂಗ್ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಕೀಲ್ ನಗರದಲ್ಲಿ ಕಾನೂನು ಓದಿದರು. ರಾಜಕೀಯ ಚಳವಳಿಯಲ್ಲಿ ಭಾಗವಹಿಸಿದ್ದಕ್ಕಾಗಿ 1851ರಲ್ಲಿ ಲೈಪ್‌ಜಿಗ್‌ನ ಪ್ರಾಧ್ಯಾಪಕ ಹುದ್ದೆಯನ್ನು ಕಳೆದುಕೊಂಡರು. ಎದೆಗುಂದದೆ ಜ್ಯೂರಿಕ್, ಬ್ರೆಸ್ಲಾವ್, ಬಳಿಕ ಬರ್ಲಿನ್‌ನಲ್ಲಿ ಕೆಲಸ ಮಾಡಿದರು. 1854ರಿಂದ 1856ರವರೆಗೆ ಪ್ರಕಟವಾದ ರೋಮ್ ಇತಿಹಾಸದ ಮೂರು ಸಂಪುಟಗಳು ಅವರಿಗೆ ಕೀರ್ತಿ ತಂದವು. ನಮ್ಮ ಎಪಿಗ್ರಾಫಿಯಾ ಕರ್ನಾಟಿಕಾದಂತೆಯೇ ಲ್ಯಾಟಿನ್ ಶಾಸನಗಳೆಲ್ಲವನ್ನೂ ಒಂದೆಡೆ ತರುವ ಮಹಾಕಾರ್ಯವನ್ನು ಮುನ್ನಡೆಸಿದವರೂ ಅವರೇ. 1880ರಲ್ಲಿ ಮನೆಗೆ ಬೆಂಕಿ ಬಿದ್ದು ಗ್ರಂಥಭಂಡಾರ, ಹಸ್ತಪ್ರತಿಗಳು ಸುಟ್ಟುಹೋದವು. ಅರವತ್ತು ದಾಟಿದ್ದ ಮೊಮ್ಸೆನ್ ಮತ್ತೆ ಬರೆಯಲು ಕುಳಿತರು.

ಓಸ್ನಾಬ್ರೂಕ್ ನಗರದ ಉತ್ತರಕ್ಕೆ ಕಾಲ್ಕ್‌ರೀಜೆ ಎಂಬ ಗುಡ್ಡವಿದೆ. ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ಜೌಗು, ನಡುವೆ ಕಿರಿದಾದ ದಾರಿ. ಅಲ್ಲಿನ ರೈತರಿಗೆ ನೆಲ ಅಗೆಯುವಾಗ ರೋಮನ್ ನಾಣ್ಯಗಳು ಸಿಗುತ್ತಿದ್ದವು. ಬಾರೆನಾವ್ ಎಂಬಲ್ಲಿನ ಜಮೀನುದಾರರ ಮನೆತನ ಅವುಗಳನ್ನು ಕೂಡಿಟ್ಟಿತ್ತು. ಮೊಮ್ಸೆನ್ ನಾಣ್ಯತಜ್ಞ ಯೂಲಿಯಸ್ ಮೆನಾಡಿಯರ್ ಅವರಿಂದ ಆ ಸಂಗ್ರಹವನ್ನು ಪರೀಕ್ಷೆ ಮಾಡಿಸಿದರು. ಯಾರ ಮುಖ, ಯಾವ ಬರಹ, ಎಲ್ಲಿಯ ಟಂಕಸಾಲೆ ಎಂದು ಒಂದೊಂದನ್ನೂ ಗುರುತಿಸಿ ಪಟ್ಟಿ ಮಾಡಲಾಯಿತು. ಬಹುಪಾಲು ನಾಣ್ಯಗಳು ಅಗಸ್ಟಸ್ ಚಕ್ರವರ್ತಿಯ ಕಾಲಕ್ಕೆ ನಿಂತುಹೋಗಿದ್ದವು. ಚಿನ್ನ, ಬೆಳ್ಳಿ ಇಷ್ಟೊಂದು ಬಿದ್ದಿರಬೇಕಾದರೆ ಅಲ್ಲಿ ಒಂದು ಸೈನ್ಯವೇ ಬಿದ್ದಿರಬೇಕು ಎಂದು ತರ್ಕಿಸಿದ ಮೊಮ್ಸೆನ್, ವಾರುಸ್ ಸೋತ ಜಾಗ ಇದೇ ಎಂದು 1885ರಲ್ಲಿ ಪ್ರಕಟಿಸಿದರು.

ಹೆಚ್ಚಿನವರು ಒಪ್ಪಲಿಲ್ಲ. ಆಯುಧಗಳೆಲ್ಲಿ, ಸೈನಿಕರ ಕಿಸೆಯಲ್ಲಿರಬೇಕಾದ ತಾಮ್ರದ ಕಾಸುಗಳೆಲ್ಲಿ ಎಂದು ಕೇಳಿದರು. ಹತ್ತು ವರ್ಷ ಮೊದಲೇ, 1875ರಲ್ಲಿ, ಡೆಟ್ಮೋಲ್ಡ್ ಬಳಿಯ ಕಾಡುಗುಡ್ಡದ ಮೇಲೆ ಅರ್ಮಿನಿಯಸ್‌ನ ಬೃಹತ್ ಸ್ಮಾರಕ ಎದ್ದು ನಿಂತಿತ್ತು! ಮೊಮ್ಸೆನ್‌ಗೆ 1902ರಲ್ಲಿ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂದಿತು. ಆದರೆ ಈ ವಾದಕ್ಕೆ ಮನ್ನಣೆ ಸಿಗುವ ಮೊದಲೇ 1903ರ ನವೆಂಬರ್ 1ರಂದು ಅವರು ತೀರಿಕೊಂಡರು.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಾರೆನಾವ್ ನಾಣ್ಯಸಂಗ್ರಹವೂ ಕಳೆದುಹೋಯಿತು. ಉಳಿದದ್ದು ಬರೆದಿಟ್ಟ ಪಟ್ಟಿ ಮತ್ತು ಮೊಮ್ಸೆನ್ ಅವರ ವಾದ ಮಾತ್ರ. 1987ರಲ್ಲಿ ಟೋನಿ ಕ್ಲನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಪುರಾತತ್ವ ಇಲಾಖೆಯ ಒಪ್ಪಿಗೆ ಪಡೆದು, ಲೋಹಶೋಧಕದೊಡನೆ ಅದೇ ಕಡೆ ಹುಡುಕಿದರು. ನೂರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಸಿಕ್ಕವು. ಮರುವರ್ಷ ಕವಣೆಯಿಂದ ಎಸೆಯುವ ಮೂರು ಸೀಸದ ಗುಂಡುಗಳು ದೊರೆತವು. ಇವು ವ್ಯಾಪಾರಿಯ ಗಂಟಿನಲ್ಲಿ ಇರುವ ವಸ್ತುಗಳಲ್ಲ! ನಂತರದ ಉತ್ಖನನದಲ್ಲಿ ಆಯುಧಗಳ ತುಂಡುಗಳು, ಮೂಳೆಗಳು, ಕಬ್ಬಿಣದ ಮುಖವಾಡ, ವಾರುಸ್ ಹೆಸರಿನ ಮುದ್ರೆ ಒತ್ತಿದ ತಾಮ್ರದ ಕಾಸುಗಳು ಹೊರಬಂದವು. ಇದು ಕೆಲವು ವರ್ಷಗಳ ನಂತರದ ಬೇರೊಂದು ಯುದ್ಧ ಎನ್ನುವ ವಿದ್ವಾಂಸರು ಇಂದಿಗೂ ಇದ್ದಾರೆ. ಆದರೆ ಅದು ರೋಮನ್ನರ ರಣಭೂಮಿ ಎಂಬುದರಲ್ಲಿ ಅನುಮಾನವಿಲ್ಲ.

ಇಂಥ ವಸ್ತುಗಳು ಮಣ್ಣಿನಿಂದ ಹೊಳೆಯುತ್ತಾ ಬರುವುದಿಲ್ಲ. ಕಬ್ಬಿಣ ತುಕ್ಕು ಹಿಡಿದು ಮಣ್ಣುಹೆಂಟೆಯಂತಿರುತ್ತದೆ. ಆದ್ದರಿಂದ ತಜ್ಞರು ಮಣ್ಣುಸಮೇತ ಎತ್ತಿ, ಮೊದಲು ಎಕ್ಸ್-ರೇ ತೆಗೆದು, ಆಮೇಲೆ ಸೂಕ್ಷ್ಮದರ್ಶಕದಡಿ ಚೂರುಚೂರೇ ತುಕ್ಕು ಬಿಡಿಸುತ್ತಾರೆ. ಹಳೆಯ ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಫಳಫಳ ಹೊಳೆಯಬಹುದು, ಆದರೆ ಮೇಲಿನ ಸಣ್ಣ ಮುದ್ರೆ ಅಳಿಸಿಹೋಗುತ್ತದೆ. ಆ ಮುದ್ರೆಯೇ ಸಾಕ್ಷಿ!

ಕಾಡಿನಲ್ಲಿ ಅಡ್ಡಾಡುವಾಗ ನಿಮಗೂ ಏನಾದರೂ ಕಂಡರೆ ಅಗೆಯಬೇಡಿ, ಉಜ್ಜಬೇಡಿ. ಅದು ಸಿಡಿಯದ ಮದ್ದುಗುಂಡೂ ಆಗಿರಬಹುದು. ಸಿಕ್ಕ ಜಾಗವನ್ನು ಗುರುತಿಟ್ಟುಕೊಂಡು ಹಿರಿಯರಿಗೆ ತಿಳಿಸಿ. ನಾಣ್ಯಗಳು ಕಳೆದುಹೋದ ಮೇಲೂ ಮೊಮ್ಸೆನ್ ಅವರ ಮಾತು ಉಳಿದದ್ದು, ಎಲ್ಲಿ ಏನು ಸಿಕ್ಕಿತು ಎಂಬುದನ್ನು ಯಾರೋ ಜೋಪಾನವಾಗಿ ಬರೆದಿಟ್ಟಿದ್ದರಿಂದಲೇ ಅಲ್ಲವೇ?