ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡ್ (1863–1939): ದತ್ತುಪುತ್ರನ ಜೀವನ

ಜನನ ಮತ್ತು ಬಾಲ್ಯ

ಬರೋಡಾ ಸಂಸ್ಥಾನದ ಸಿಂಹಾಸನದಲ್ಲಿ ಆರು ದಶಕಗಳಿಗೂ ಹೆಚ್ಚು ಕಾಲ ಇದ್ದ ಮೂರನೆಯ ಸಯಾಜಿರಾವ್ ಗಾಯಕವಾಡರು ಅರಮನೆಯಲ್ಲಿ ಜನಿಸಿದವರಲ್ಲ. ಇಂದಿನ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಮಾಲೆಗಾಂವ್ ಸಮೀಪದ ಕವಳಾಣೆ ಗ್ರಾಮದಲ್ಲಿ 1863ರ ಮಾರ್ಚ್ ತಿಂಗಳಿನಲ್ಲಿ ಜನಿಸಿದರು. ತಂದೆ ಕಾಶೀರಾವ್ ಅವರು ಕೃಷಿಕರು. ರಾಜಮನೆತನದೊಂದಿಗೆ ಈ ಕುಟುಂಬಕ್ಕೆ ದೂರದ ರಕ್ತಸಂಬಂಧವಿದ್ದರೂ ಜೀವನಾಧಾರ ಬೇಸಾಯವೇ ಆಗಿತ್ತು. ಮಗುವಿಗೆ ಗೋಪಾಲರಾವ್ ಎಂದು ನಾಮಕರಣ ಮಾಡಲಾಗಿತ್ತು. ಹನ್ನೆರಡನೆಯ ವಯಸ್ಸಿನವರೆಗೂ ಬಾಲಕನಿಗೆ ಓದು ಬರಹ ತಿಳಿದಿರಲಿಲ್ಲ.

ದತ್ತು ಸ್ವೀಕಾರ

1870ರಲ್ಲಿ ಬರೋಡಾದ ಮಹಾರಾಜ ಖಂಡೇರಾವ್ ಅವರು ಗಂಡು ಸಂತಾನವಿಲ್ಲದೆ ನಿಧನರಾದರು. ಅನಂತರ ಅಧಿಕಾರಕ್ಕೆ ಬಂದ ಅವರ ಸಹೋದರ ಮಲ್ಹಾರರಾವ್ ಅವರನ್ನು ಬ್ರಿಟಿಷ್ ಸರ್ಕಾರವು 1875ರ ಏಪ್ರಿಲ್‌ನಲ್ಲಿ ಪದಚ್ಯುತಗೊಳಿಸಿ, ಖಂಡೇರಾವ್ ಅವರ ವಿಧವಾ ಪತ್ನಿ ಮಹಾರಾಣಿ ಜಮನಾಬಾಯಿ ಅವರಿಗೆ ದತ್ತು ಸ್ವೀಕರಿಸಲು ಅನುಮತಿ ನೀಡಿತು. ಮನೆತನದ ವಿವಿಧ ಶಾಖೆಗಳ ಬಾಲಕರನ್ನು ಕರೆಸಿ, ತಾವು ಬಂದಿರುವ ಕಾರಣವನ್ನು ವಿಚಾರಿಸಲಾಯಿತೆಂದೂ, ರಾಜ್ಯವಾಳಲು ಬಂದಿರುವುದಾಗಿ ಗೋಪಾಲರಾವ್ ಅಳುಕಿಲ್ಲದೆ ಉತ್ತರಿಸಿದನೆಂದೂ ಪ್ರತೀತಿಯಿದೆ. 1875ರ ಮೇ 27ರಂದು ದತ್ತು ವಿಧಿ ನೆರವೇರಿತು. ಬಾಲಕನಿಗೆ ಸಯಾಜಿರಾವ್ ಎಂಬ ಹೊಸ ಹೆಸರನ್ನಿಡಲಾಯಿತು. ಮರುತಿಂಗಳು ಪಟ್ಟಾಭಿಷೇಕವೂ ನಡೆಯಿತು.

ಹೊಸ ಮನೆಯಲ್ಲಿ

ಹೀಗೆ ಹೆಸರು, ಊರು ಮತ್ತು ತಾಯಿ ಒಮ್ಮೆಲೇ ಬದಲಾದವು. ವಿಧಿಯು ಒಂದೇ ದಿನದಲ್ಲಿ ಮುಗಿದರೂ ಆ ಮನೆಯವನಾಗಲು ವರ್ಷಗಳೇ ಬೇಕಾದವು. ಇತರ ರಾಜಕುಮಾರರು ಎಳವೆಯಿಂದಲೇ ಕಲಿತಿದ್ದ ನಡೆನುಡಿಗಳನ್ನೂ ಅಕ್ಷರಗಳನ್ನೂ ಹನ್ನೆರಡು ವರ್ಷದ ಬಾಲಕ ಮೊದಲಿನಿಂದ ಕಲಿಯಬೇಕಾಯಿತು. ಇಂಗ್ಲಿಷ್ ಅಧಿಕಾರಿ ಎಲಿಯಟ್ ಅವರನ್ನು ಶಿಕ್ಷಕರನ್ನಾಗಿ ನೇಮಿಸಲಾಯಿತು. ಮರಾಠಿ, ಗುಜರಾತಿ, ಉರ್ದು ಮತ್ತು ಇಂಗ್ಲಿಷ್ ಭಾಷೆಗಳ ಪಾಠದೊಂದಿಗೆ ವ್ಯಾಯಾಮವೂ ಕಡ್ಡಾಯವಾಗಿತ್ತು. ದಿವಾನ್ ಸರ್ ಟಿ. ಮಾಧವರಾವ್ ಅವರು ಆಡಳಿತದ ತತ್ವಗಳನ್ನು ಬೋಧಿಸಿದರು. ಜನ್ಮಕುಟುಂಬದ ನಂಟನ್ನು ಪೂರ್ಣವಾಗಿ ಕಡಿಯಲಿಲ್ಲ. ಸಹೋದರರಾದ ಆನಂದರಾವ್ ಮತ್ತು ಸಂಪತರಾವ್ ಅವರಿಗೂ ಬರೋಡಾದಲ್ಲಿ ನೆಲೆ ದೊರೆಯಿತು. 1881ರ ಡಿಸೆಂಬರ್ 28ರಂದು ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ ಸಯಾಜಿರಾವ್ ಅವರು ಪೂರ್ಣ ಅಧಿಕಾರವನ್ನು ವಹಿಸಿಕೊಂಡರು.

ಆಡಳಿತ ಮತ್ತು ಸುಧಾರಣೆಗಳು

ತಮಗೆ ಬಾಲ್ಯದಲ್ಲಿ ದೊರೆಯದಿದ್ದ ಅಕ್ಷರವನ್ನು ಪ್ರಜೆಗಳ ಮಕ್ಕಳಿಗೆ ದೊರಕಿಸುವುದು ಅವರ ಆಡಳಿತದ ಮುಖ್ಯ ಕಾರ್ಯವಾಯಿತು. 1893ರಲ್ಲಿ ಅಮ್ರೇಲಿ ಪ್ರದೇಶದಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು 1906ರಲ್ಲಿ ಇಡೀ ಸಂಸ್ಥಾನಕ್ಕೆ ವಿಸ್ತರಿಸಲಾಯಿತು. ಈ ವ್ಯವಸ್ಥೆಯು ಬಾಲಕಿಯರಿಗೂ ಅನ್ವಯವಾಗಿತ್ತು. 1910ರಿಂದ ಗ್ರಾಮಗಳವರೆಗೂ ಗ್ರಂಥಾಲಯಗಳ ಜಾಲವನ್ನು ಕಟ್ಟಲಾಯಿತು. ಡಾ. ಬಿ.ಆರ್. ಅಂಬೇಡ್ಕರ್ ಅವರು 1913ರಲ್ಲಿ ಅಮೆರಿಕಾದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ತೆರಳಿದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ. 1908ರಲ್ಲಿ ಬ್ಯಾಂಕ್ ಆಫ್ ಬರೋಡಾ ಸ್ಥಾಪನೆಯಾಯಿತು.

ನಿಧನ ಮತ್ತು ಸ್ಮರಣೆ

ಸಯಾಜಿರಾವ್ ಅವರು 1939ರ ಫೆಬ್ರವರಿ 6ರಂದು ನಿಧನರಾದರು. 1949ರಲ್ಲಿ ಬರೋಡಾದಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯಕ್ಕೆ ಅವರ ಹೆಸರನ್ನಿಡಲಾಗಿದೆ. ಅದು ಕವಳಾಣೆಯಲ್ಲಿ ಇಟ್ಟ ಹೆಸರಲ್ಲ, ದತ್ತು ವಿಧಿಯಲ್ಲಿ ದೊರೆತ ಹೆಸರು. ರಾಜಮನೆತನವು ಹೆಸರು ನೀಡಿ ಸ್ವೀಕರಿಸಿದ ಬಾಲಕನಿಂದಲೇ ಆ ಮನೆತನವು ಇಂದು ಹೆಚ್ಚು ಪರಿಚಿತವಾಗಿದೆ.

ತಿಳಿವಳಿಕೆ ಬಂದ ವಯಸ್ಸಿನ ಮಗುವನ್ನು ದತ್ತು ಪಡೆಯಲು ಇಚ್ಛಿಸುವ ಪೋಷಕರು ಈ ಜೀವನದಲ್ಲಿ ಒಂದು ಅಂಶವನ್ನು ಗಮನಿಸಬಹುದಾಗಿದೆ. ಆದೇಶ ಪತ್ರದಿಂದ ಮಗುವಿಗೆ ಹಕ್ಕು ದೊರೆಯುತ್ತದೆ. ಆದರೆ ಮನೆ ತನ್ನದೆಂಬ ಭಾವನೆ ಮೂಡಲು ಕಾಲಾವಕಾಶ, ಕಲಿಕೆ ಮತ್ತು ಹಿಂದಿನ ನಂಟುಗಳ ಬಗ್ಗೆ ಗೌರವ ಅವಶ್ಯಕ.