ಶಿಶುನಾಳದ ಶರೀಫ ಶಿವಯೋಗಿಗಳು

ಊರೆಂಬುದು ಬರಿಯ ಮನೆಗಳ ಗುಂಪಲ್ಲ. ಒಬ್ಬರ ಹಸಿವನ್ನು ಮತ್ತೊಬ್ಬರು ಅರಿತು ನಡೆಯುವ ಜನರ ಕೂಟವೇ ಊರು. ಈ ಅರಿವು ವಯಸ್ಸು ಬಲಿತ ಮೇಲೆ ಹೇಳಿಕೊಟ್ಟರೆ ಬರುವಂಥದಲ್ಲ. ಹಸಿಯ ಮಣ್ಣಿನಲ್ಲಿ ಕುಂಬಾರನು ಮೂಡಿಸಿದ ಗೆರೆಯು ಗಡಿಗೆಯು ಆವಿಗೆಯಿಂದ ಹೊರಬಂದ ಮೇಲೂ ಹೇಗೆ ಅಳಿಯದೆ ನಿಲ್ಲುವದೋ, ಹಾಗೆಯೇ ಎಳೆಯ ಮನಸ್ಸಿನಲ್ಲಿ ಊರಿದ ಸಂಸ್ಕಾರವು ಕಡೆಯವರೆಗೂ ನಿಲ್ಲುವದು. ಆದುದರಿಂದಲೇ ಹಿರಿಯರು ಮಕ್ಕಳ ಕಲಿಕೆಯನ್ನು ಗುರುವಿನ ಕೈಗೆ ಒಪ್ಪಿಸಿದರು. ಇದಕ್ಕೆ ಧಾರವಾಡದ ಸೀಮೆಯಲ್ಲಿ ಶಿಶುನಾಳದ ಶರೀಫ ಶಿವಯೋಗಿಗಳ ಚರಿತ್ರಕ್ಕಿಂತ ಹೆಚ್ಚಿನ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಬ್ರಾಹ್ಮಣ ಗುರುವಿನ ಉಪದೇಶದಿಂದ ಬೆಳೆದು, ಜಂಗಮರ ಪಾದವನ್ನು ತಲೆಯ ಮೇಲೆ ಧರಿಸಿ ದೇಹವನ್ನು ಬಿಟ್ಟ ಈ ಮಹನೀಯರು ಮೊದಲು ವಿದ್ಯಾರ್ಥಿಗಳಾಗಿಯೂ, ತರುವಾಯ ಹಳ್ಳಿಯ ಮಕ್ಕಳ ಮಾಸ್ತರರಾಗಿಯೂ, ಕೊನೆಗೆ ಇಡಿಯ ನಾಡಿನ ಗುರುಗಳಾಗಿಯೂ ಬಾಳಿದರು.

ಶರೀಫರು ಜನಿಸಿದ್ದು 1819ನೆಯ ಇಸವಿಯಲ್ಲಿ. ಅದರ ಹಿಂದಿನ ವರ್ಷವಷ್ಟೇ ಪೇಶವೆಯವರ ಆಳಿಕೆಯು ಮುಗಿದು ಈ ಪ್ರಾಂತವು ಕಂಪನಿ ಸರಕಾರದ ಕೈಸೇರಿದ್ದಿತು. ಅವರ ಹುಟ್ಟೂರಾದ ಶಿಶುವಿನಹಾಳವು ಶಿಗ್ಗಾವಿ ತಾಲೂಕಿಗೆ ಸೇರಿದ್ದು. ಅದು ಬಹುಕಾಲ ಧಾರವಾಡ ಜಿಲ್ಲೆಯಲ್ಲಿದ್ದು 1997ರಿಂದ ಹಾವೇರಿ ಜಿಲ್ಲೆಗೆ ಸೇರಿತು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರಿ ಸತ್ಪುರುಷರ ಅನುಗ್ರಹದಿಂದ ಈ ಮಗನು ಹುಟ್ಟಿದನೆಂದು ಭಕ್ತರು ಇಂದಿಗೂ ನಂಬುತ್ತಾರೆ. ಆ ಊರಿನ ಒಡೆಯನು ಬಸವಣ್ಣನು. ಮುಂದೆ ಶರೀಫರು ತಮ್ಮ ಪದಗಳಿಗೆಲ್ಲ ಶಿಶುನಾಳಾಧೀಶನ ಅಂಕಿತವನ್ನೇ ಇಟ್ಟುಕೊಂಡರು. ಇಮಾಮ ಸಾಹೇಬರು ತಮ್ಮ ಧರ್ಮದಲ್ಲಿ ನಿಷ್ಠೆಯುಳ್ಳವರಾಗಿದ್ದೂ ಮಗನಿಗೆ ರಾಮಾಯಣ ಮಹಾಭಾರತಗಳನ್ನೂ, ಅಲ್ಲಮಪ್ರಭುವಿನ ಮಹಿಮೆಯನ್ನು ಸಾರುವ ಚಾಮರಸನ ಪ್ರಭುಲಿಂಗಲೀಲೆಯನ್ನೂ ಹೇಳಿಸಿದರೆಂದು ಪ್ರತೀತಿಯುಂಟು. ಹೀಗೆ ನೆರೆಯವನ ದೇವರು ಪರಕೀಯನಲ್ಲವೆಂಬ ಮೊದಲ ಪಾಠವು ಬಾಲಕನಿಗೆ ತನ್ನ ಮನೆಯ ಪಡಸಾಲೆಯಲ್ಲಿಯೇ ದೊರೆಯಿತು.

ಆ ಕಾಲದಲ್ಲಿ ಹಳ್ಳಿಗಳೊಳಗೆ ವಿದ್ಯೆಗೆ ಆಧಾರವಾಗಿದ್ದವು ಕೂಲಿಮಠಗಳು. ಗುಡಿಯ ಕಟ್ಟೆಯ ಮೇಲೋ, ಮಠದ ಅಂಗಳದಲ್ಲೋ ಮಕ್ಕಳನ್ನು ಕೂಡ್ರಿಸಿ, ನೆಲದ ಮೇಲೆ ಮರಳನ್ನು ಹರಡಿ, ಬೆರಳಿನಿಂದ ಅಕ್ಷರಗಳನ್ನು ತಿದ್ದಿಸುತ್ತಿದ್ದರು. ಮಗ್ಗಿಯನ್ನೂ ಲೆಕ್ಕಗಳನ್ನೂ ಎಲ್ಲರೂ ಒಂದೇ ಧ್ವನಿಯಲ್ಲಿ ಒಪ್ಪಿಸಬೇಕಾಗಿತ್ತು. ಮಕ್ಕಳ ಮನೆಯವರು ಕೊಡುವ ಕಾಳುಕಡಿಯೇ ಗುರುವಿನ ಜೀವನ. ಈ ಮಠಗಳನ್ನು ಹಲವು ಕಡೆ ಅಯ್ಯನವರೇ ನಡೆಯಿಸುತ್ತಿದ್ದರು. ಸಾಲಿಮಠವೆಂಬ ಅಡ್ಡಹೆಸರಿನ ಮನೆತನಗಳು ಈ ಸೀಮೆಯಲ್ಲಿ ಇಂದಿಗೂ ಇರುವದರಿಂದ ಶಾಲೆಗೂ ಮಠಕ್ಕೂ ಇದ್ದ ನಂಟು ಎಷ್ಟು ಹಳೆಯದೆಂಬುದು ತಿಳಿಯುವದು. ಗೌಡರ ಮಗನೂ ಒಕ್ಕಲಿಗನ ಮಗನೂ ಒಂದೇ ಮರಳಿನ ಮೇಲೆ ಅಕ್ಷರ ತಿದ್ದುವದೇ ಒಂದು ದೊಡ್ಡ ಪಾಠ. ಆದರೂ ಊರ ಹೊರಗಿನ ಕೇರಿಯ ಕೂಸುಗಳಿಗೆ ಆಗ ಅಲ್ಲಿ ಎಡೆಯಿರಲಿಲ್ಲವೆಂಬ ಮಾತನ್ನು ಮರೆಮಾಡತಕ್ಕದ್ದಲ್ಲ. ಕೂಡಿ ಬಾಳುವ ವಿದ್ಯೆಯು ಅಂದು ಪೂರ್ಣವಾಗಿದ್ದಿಲ್ಲ. ಆ ಕೊರತೆಯನ್ನು ತುಂಬಬಲ್ಲ ಗುರುವಿಗಾಗಿಯೇ ಕಾಲವು ಕಾದಿದ್ದಿತು.

ಶರೀಫರಿಗೆ ಅಂಥ ಗುರುಗಳು ಕುಂದಗೋಳ ತಾಲೂಕಿನ ಕಳಸದಲ್ಲಿ ದೊರೆತರು. ಕಳಸದ ಗೋವಿಂದಭಟ್ಟರು ಬ್ರಾಹ್ಮಣರಾಗಿದ್ದರೂ ಮಡಿಮೈಲಿಗೆಗಳ ಕಟ್ಟಿಗೆ ಸಿಲುಕದವರು, ದೇವಿಯ ಉಪಾಸಕರು, ಯಾರ ಮನೆಯಲ್ಲಾದರೂ ಉಣ್ಣುವವರು, ಯಾರ ಮುಲಾಜಿಗೂ ಒಳಗಾಗದವರು. ಇಮಾಮ ಸಾಹೇಬರು ಮಗನನ್ನು ಅವರಿಗೆ ಒಪ್ಪಿಸಿದಾಗ ಭಟ್ಟರು ಹುಡುಗನನ್ನು ಪರೀಕ್ಷಿಸುವದಕ್ಕಾಗಿ ಅವನ ತಂದೆ ಯಾರೆಂದು ಕೇಳಿದರಂತೆ. ತಂದೆಯು ಎದುರಿಗೇ ನಿಂತಿರುವಾಗ ಈ ಪ್ರಶ್ನೆಯೇಕೆಂದು ನೆರೆದವರು ಬೆರಗಾದರು. ಬಾಲಕನು ಮಾತ್ರ ಅಂಜದೆ, ಗುರುವಿಗೆ ಯಾರು ತಂದೆಯೋ ತನಗೂ ಆತನೇ ತಂದೆಯೆಂದು ಉತ್ತರಕೊಟ್ಟನೆಂದು ಜನರು ಹೇಳುತ್ತಾರೆ. ಎಲ್ಲರನ್ನೂ ಹಡೆದವನು ಒಬ್ಬನೇ ಎಂಬ ತತ್ತ್ವವನ್ನು ಶಾಸ್ತ್ರಗಳನ್ನೋದಿದ ಮೇಲೆ ಹೇಳುವವರು ಬಹಳ. ಹುಡುಗತನದಲ್ಲಿಯೇ ಅದನ್ನು ಸಹಜವಾಗಿ ನುಡಿದ ಆ ಬಾಲಕನನ್ನು ಕಂಡು ಭಟ್ಟರು ಸಂತೋಷಭರಿತರಾಗಿ ಶಿಷ್ಯನನ್ನಾಗಿ ಪರಿಗ್ರಹಿಸಿದರು.

ಇದು ಊರವರಿಗೆ ಸುಲಭವಾಗಿ ಸಹನವಾಗುವಂಥ ಮಾತಾಗಿರಲಿಲ್ಲ. ಭಟ್ಟರ ಜಾತಿಯವರು ಅವರನ್ನು ಜರಿದರು. ಶರೀಫರ ಜಾತಿಯವರು ಶರೀಫರನ್ನು ಜರಿದರು. ಗುರುಶಿಷ್ಯರು ಒಟ್ಟಿಗೆ ತಿರುಗುವದೂ, ಒಟ್ಟಿಗೆ ಉಣ್ಣುವದೂ ಎರಡೂ ಕಡೆಯವರ ಕಣ್ಣಿಗೆ ಮುಳ್ಳಾಯಿತು. ನಿಂದೆಯು ಮೇರೆ ಮೀರಿದಾಗ ಗೋವಿಂದಭಟ್ಟರು ವಾದಕ್ಕೆ ನಿಲ್ಲದೆ, ತಮ್ಮ ಕೊರಳಿನ ಜನಿವಾರವನ್ನೇ ತೆಗೆದು ಶಿಷ್ಯನ ಕೊರಳಿಗೆ ಹಾಕಿದರೆಂಬ ಕಥೆಯು ಈ ನಾಡಿನಲ್ಲಿ ಮನೆಮಾತಾಗಿದೆ. ಹುಟ್ಟಿನಿಂದ ಬರುವದು ದೇಹವೇ ಹೊರತು ಯೋಗ್ಯತೆಯಲ್ಲವೆಂಬುದನ್ನು ಅವರು ಮಾತಿನಿಂದಲ್ಲ, ಕೃತಿಯಿಂದ ತೋರಿಸಿದರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಯಾವ ತತ್ತ್ವಕ್ಕಾಗಿ ಕಷ್ಟನಿಷ್ಠುರಗಳನ್ನು ಸಹಿಸಿದರೋ ಅದೇ ತತ್ತ್ವವು ಕಳಸದ ಒಂದು ಮನೆಯಲ್ಲಿ ಮತ್ತೊಮ್ಮೆ ಮೊಳೆಯಿತೆಂದು ಹೇಳಬಹುದು.

ಶರೀಫರು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೆಲವು ಕಾಲ ಕನ್ನಡ ಶಾಲೆಗಳ ಮಾಸ್ತರಿಕೆಯನ್ನು ಮಾಡಿದರು. ಮಂಡಿಗನಾಳ, ಎರೆಬೂದಿಹಾಳ, ಗುಂಜಳ ಮುಂತಾದ ಹಳ್ಳಿಗಳಲ್ಲಿ ಅವರು ಮಕ್ಕಳಿಗೆ ಕಲಿಸಿದರೆಂದು ಚರಿತ್ರಕಾರರು ಹೇಳುತ್ತಾರೆ. ಮುಂದೆ ಈ ಉದ್ಯೋಗವನ್ನು ಬಿಟ್ಟರೂ ಅವರೊಳಗಿನ ಮಾಸ್ತರನು ಅವರನ್ನು ಬಿಡಲಿಲ್ಲ. ಅವರ ಪದಗಳನ್ನು ನೋಡಿದರೆ ಇದು ಸ್ಪಷ್ಟವಾಗುವದು. ಮಳೆಗಾಲದಲ್ಲಿ ಸೋರುವ ಮಾಳಿಗೆ, ಕಾಲಿಗೆ ಸಿಕ್ಕ ಹಾವು, ಜಾರಿ ಬಿದ್ದ ಮುದುಕಿ, ತವರು ಬಿಟ್ಟು ಹೋಗಲಾರದೆ ಅಳುವ ಹೆಣ್ಣು, ಬಾರಿಸಲರಿಯದವನ ಕೈಗೆ ಸಿಕ್ಕ ತಂಬೂರಿ, ಇವೇ ಅವರ ಪಾಠದ ಸಾಮಗ್ರಿಗಳು. ಕಿರಿಯ ಪ್ರಾಣಿಯು ಹಿರಿಯದನ್ನು ನುಂಗಿತೆಂಬ ಒಗಟಿನ ಪದವನ್ನು ಕೇಳಿ ಮಕ್ಕಳು ನಗುತ್ತಾರೆ. ಅದೇ ಪದವನ್ನು ಕೇಳಿ ಮುದುಕರು ತಲೆದೂಗುತ್ತಾರೆ. ಒಂದೇ ಮಾತು ಮಗುವಿಗೆ ಆಟವಾಗಿಯೂ ಹಿರಿಯನಿಗೆ ಅನುಭಾವವಾಗಿಯೂ ತೋರುವಂತೆ ಹೇಳಬಲ್ಲವನೇ ನಿಜವಾದ ಉಪಾಧ್ಯಾಯನು.

ಸಂಸಾರಸುಖವು ಅವರಿಗೆ ಬಹುದಿನ ದಕ್ಕಲಿಲ್ಲ. ಕುಂದಗೋಳದ ಫಾತಿಮಾ ಎಂಬವರೊಡನೆ ವಿವಾಹವಾಗಿ ಒಂದು ಹೆಣ್ಣು ಕೂಸು ಹುಟ್ಟಿತು. ಆದರೆ ಹೆಂಡತಿಯೂ ಕೂಸೂ ತೀರಿಕೊಂಡರು. ಈ ದುಃಖವು ಅವರನ್ನು ಮುರಿಯದೆ ಮನೆಯ ಬಾಗಿಲನ್ನು ತೆರೆದು ಹೊರಗೆ ಕಳಿಸಿತು. ಸ್ವಂತದ ಮಗುವನ್ನು ಕಳೆದುಕೊಂಡವರಿಗೆ ಊರೂರಿನ ಮಕ್ಕಳೆಲ್ಲರೂ ಮಕ್ಕಳಾದರು. ಅಲ್ಲಿಂದ ಮುಂದೆ ಅವರದು ಸಂಚಾರದ ಬಾಳು. ನವಲಗುಂದದ ಅಜಾತ ನಾಗಲಿಂಗಸ್ವಾಮಿಗಳು, ಗರಗದ ಮಡಿವಾಳಪ್ಪನವರು, ಹುಬ್ಬಳ್ಳಿಯ ಸಿದ್ಧಾರೂಢರು ಇವರೇ ಮೊದಲಾದ ಮಹಾತ್ಮರ ಸಂಗಡ ಅವರಿಗೆ ಒಡನಾಟವಿದ್ದಿತು. ಇವರೊಳಗೆ ಒಬ್ಬೊಬ್ಬರು ಒಂದೊಂದು ಮನೆತನದಿಂದ ಬಂದವರು. ಕೂಡಿದಾಗ ಯಾರ ಮನೆತನವೂ ಲೆಕ್ಕಕ್ಕೆ ಬರಲಿಲ್ಲ.

ಶರೀಫರು ಗುಡಿಗಳ ಮೇಲೂ ದರ್ಗೆಗಳ ಮೇಲೂ ಪದ ಕಟ್ಟಿದರು. ಬಸವಣ್ಣನನ್ನು ಹಾಡಿದ ಬಾಯಿಯೇ ಮೊಹರಮ್ಮಿನ ರಿವಾಯತಗಳನ್ನೂ ಹಾಡಿತು. ಈ ಸೀಮೆಯ ಹಳ್ಳಿಗಳಲ್ಲಿ ಮೊಹರಮ್ಮು ಒಂದು ಮತದವರ ಹಬ್ಬವಾಗಿ ಉಳಿದಿಲ್ಲ. ಮುಸಲ್ಮಾನರ ಮನೆಯೊಂದೂ ಇಲ್ಲದ ಊರುಗಳಲ್ಲಿಯೂ ಲಿಂಗವಂತರು ಅಲಾಯಿ ದೇವರನ್ನು ಕೂಡ್ರಿಸುವದುಂಟು. ಹಾಗೆಯೇ ಬಸವಣ್ಣನ ತೇರಿನ ಹಗ್ಗಕ್ಕೆ ಎಲ್ಲರ ಕೈಗಳೂ ತಾಕುತ್ತವೆ. ತಂದೆಯ ಹೆಗಲ ಮೇಲೆ ಕುಳಿತು ಇವೆರಡನ್ನೂ ನೋಡಿದ ಮಗುವಿಗೆ, ನೆರೆಯವನು ಬೇರೆಯವನೆಂದು ಕಲಿಸುವದು ಕಷ್ಟ; ತನ್ನವನೆಂದು ಕಲಿಸುವದು ಬೇಕಾಗಿಯೇ ಇಲ್ಲ.

1876ರಿಂದ 1878ರವರೆಗಿನ ಘೋರ ಕ್ಷಾಮವು ಧಾರವಾಡ ಪ್ರಾಂತವನ್ನು ಹಾಳುಗೆಡವಿತು. ಶರೀಫರು ಆ ದುರ್ದಿನಗಳನ್ನು ಕಂಡವರು. ಹಸಿವು ಯಾವ ಮನೆಯ ಬಾಗಿಲಲ್ಲಿಯೂ ಜಾತಿಯನ್ನು ಕೇಳಿ ಒಳಹೊಗುವದಿಲ್ಲವೆಂಬುದನ್ನು ಆ ಬರಗಾಲವು ಎಲ್ಲರಿಗೂ ಕಲಿಸಿತು. ಸುಗ್ಗಿಯ ದಿನಗಳಲ್ಲಿ ಜನರು ಮರೆಯುವ ಆ ಪಾಠವನ್ನು ನೆನಪಿನಲ್ಲಿಡುವದಕ್ಕಾಗಿಯೇ ಮಠಗಳಲ್ಲಿ ದಾಸೋಹದ ಒಲೆಯು ಆರದೆ ಉರಿಯಬೇಕು.

ಅವರ ಅಂತ್ಯಕಾಲದ ವೃತ್ತಾಂತವು ಮಠದ ಭಕ್ತರು ವಿಶೇಷವಾಗಿ ಮನಸ್ಸಿಟ್ಟು ಕೇಳತಕ್ಕದ್ದಾಗಿದೆ. 1889ರಲ್ಲಿ ದೇಹವನ್ನು ಬಿಡುವ ಕಾಲವು ಬಂದಿತೆಂದು ತಿಳಿದ ಶರೀಫರು ವೀರಶೈವರ ಪದ್ಧತಿಯಂತೆ ತಮಗೆ ವಿಭೂತಿವೀಳ್ಯವಾಗಬೇಕೆಂದೂ, ಜಂಗಮರ ಪಾದವು ತಮ್ಮ ಶಿರಸ್ಸಿನ ಮೇಲಿರಬೇಕೆಂದೂ ಬಯಸಿದರು. ಅನ್ಯಮತದಲ್ಲಿ ಹುಟ್ಟಿದವನ ತಲೆಯ ಮೇಲೆ ಪಾದವಿಡಲು ಜಂಗಮರು ಹಿಂದೆಗೆದರು. ಎಪ್ಪತ್ತು ವರ್ಷಗಳ ಬಾಳಿನ ಬೋಧೆಯೆಲ್ಲವೂ ಆ ಒಂದು ಗಳಿಗೆಯಲ್ಲಿ ಪರೀಕ್ಷೆಗೆ ನಿಂತಿತು. ಆಗ ಹಿರೇಮಠದ ಕರಿಬಸವಯ್ಯನವರು ಮುಂದೆ ಬಂದು ಆ ವಿಧಿಯನ್ನು ನೆರವೇರಿಸಿದರು. ಶಿವಯೋಗಿಯು ತೃಪ್ತನಾಗಿ ಲಿಂಗೈಕ್ಯನಾದನು. ಒಂದು ಕಡೆ ಕುರಾನಿನ ಪಠಣವೂ ಮತ್ತೊಂದು ಕಡೆ ಮಂತ್ರಘೋಷವೂ ನಡೆದು ಎರಡೂ ಸಮಾಜದವರು ಕೂಡಿಯೇ ಅವರನ್ನು ಸಮಾಧಿಮಾಡಿದರು. ಶಿಶುನಾಳದ ಆ ಗದ್ದುಗೆಗೆ ಇಂದಿಗೂ ಎರಡೂ ಸಮಾಜದವರು ನಡೆದುಕೊಳ್ಳುತ್ತಾರೆ.

ಬಹುದಿನ ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಹರಿದ ಅವರ ಪದಗಳು ಮುಂದೆ ಪುಸ್ತಕಗಳಿಗೂ ಧ್ವನಿಮುದ್ರಿಕೆಗಳಿಗೂ ಏರಿದವು. 1990ರಲ್ಲಿ ಅವರ ಚರಿತ್ರೆಯು ಚಲಚ್ಚಿತ್ರವಾಗಿಯೂ ಬಂದಿತು. ಪದವನ್ನು ಹಾಡುವ ಮಗುವಿಗೆ ಅದನ್ನು ಕಟ್ಟಿದವರ ಬಾಳನ್ನೂ ಹೇಳಿಕೊಡುವದು ಹಿರಿಯರ ಹೊಣೆಯಾಗಿದೆ. ಇಮಾಮ ಸಾಹೇಬರಂಥ ತಂದೆಯೂ, ಗೋವಿಂದಭಟ್ಟರಂಥ ಗುರುವೂ, ಕರಿಬಸವಯ್ಯನವರಂಥ ಜಂಗಮರೂ ಇದ್ದುದರಿಂದಲೇ ಒಬ್ಬ ಶರೀಫರು ಆಗಿಬಂದರು. ಮೂವರಲ್ಲಿ ಒಬ್ಬರು ಹಿಂದೆಗೆದಿದ್ದರೂ ಈ ಚರಿತ್ರವು ಅಪೂರ್ಣವಾಗಿಯೇ ಉಳಿಯುತ್ತಿತ್ತು. ಮಠದ ಅಂಗಳದಲ್ಲಿ ಅಕ್ಷರ ಕಲಿಯುವ, ದಾಸೋಹದ ಪಂಕ್ತಿಯಲ್ಲಿ ಕೂಡಿ ಉಣ್ಣುವ ಪ್ರತಿಯೊಂದು ಕೂಸಿನ ವಿಷಯದಲ್ಲಿಯೂ ಈ ಮೂವರ ಸ್ಥಾನವನ್ನು ಯಾರಾದರೂ ತುಂಬಲೇಬೇಕು. ಆ ಭಾರವನ್ನು ಹೊರುವ ಶಕ್ತಿಯನ್ನು ಭಕ್ತಜನರಿಗೆ ಪರಶಿವನು ಕರುಣಿಸಲಿ.